ಚಕ್ರದ ಕಡ್ಡಿ ಮುರಿದದ್ದು ಶನಿವಾರ ಸಂಜೆ: ಜರ್ಮನಿಯ ವೇಸರ್ ನದಿಯ ಜೊತೆ ಒಬ್ಬಳೇ ಸೈಕಲ್ ತುಳಿದದ್ದು

ನಿನ್ನೆ ರಾತ್ರಿ ಹನ್ನೊಂದೂವರೆಗೆ ಮನೆ ಮುಟ್ಟಿದೆ. ಸೈಕಲ್ ನೆಲಮಾಳಿಗೆಯಲ್ಲಿ ನಿಂತಿದೆ. ಮಡ್‌ಗಾರ್ಡ್ ತುಂಬ ಕುರಿ ಹಿಕ್ಕೆ ಅಂಟಿಕೊಂಡಿದೆ, ತೊಳೆಯಬೇಕು. ಮೊಣಕಾಲು ಚೆನ್ನಾಗಿಯೇ ಇದೆ, ಅಂಗೈ ಮಾತ್ರ ಇನ್ನೂ ಜುಮ್ ಅನ್ನುತ್ತಿದೆ. ಮರೆಯುವ ಮೊದಲು ಬರೆದಿಡೋಣ ಅಂತ ಕೂತಿದ್ದೇನೆ.

ಹೊರಡುವ ಮುಂಚೆ ಕನ್ನಡದಲ್ಲಿ ಇಂಥ ಸೈಕಲ್ ಪ್ರವಾಸದ ಬರಹವೇನಾದರೂ ಇದೆಯಾ ಅಂತ ಹುಡುಕಿದ್ದೆ. ನನ್ನ ಕಣ್ಣಿಗೆ ಬಿದ್ದದ್ದೆಲ್ಲ ಜರ್ಮನ್ನರು ಬರೆದದ್ದು. ಯಾವ ಊರಲ್ಲಿ ಯಾವ ಇಗರ್ಜಿ ಚೆಂದ ಅಂತ ಇರುತ್ತದೆ. ಭಾನುವಾರ ಅಂಗಡಿ ಮುಚ್ಚಿರುತ್ತದೆ ಅಂತ ಇರುವುದಿಲ್ಲ. ಅವರಿಗೆ ಅದು ಸೂರ್ಯ ಪೂರ್ವಕ್ಕೆ ಹುಟ್ಟುವಷ್ಟು ಸಹಜ, ಯಾಕೆ ಬರೆಯುತ್ತಾರೆ?

ನಾನು ಹೋದದ್ದು ವೇಸರ್ ನದಿಯ ಜೊತೆಗೆ. ಹಾನ್ ಮ್ಯೂಂಡನ್ ಅನ್ನುವ ಊರಲ್ಲಿ ವೆರ್ರಾ, ಫುಲ್ಡಾ ಎರಡು ನದಿ ಸೇರಿ ವೇಸರ್ ಆಗುತ್ತದೆ. ಅಲ್ಲಿಂದ ಉತ್ತರ ಸಮುದ್ರದ ದಂಡೆಯ ಕುಕ್ಸ್‌ಹಾಫನ್ ತನಕ ಸುಮಾರು 520 ಕಿಲೋಮೀಟರ್ ಸೈಕಲ್ ದಾರಿ ಇದೆ. 2025ರ ಜೂನ್ 4ಕ್ಕೆ ಹೊರಟು 17ಕ್ಕೆ ವಾಪಸ್. ಹದಿನಾಲ್ಕು ದಿನದಲ್ಲಿ ತುಳಿದದ್ದು ಹತ್ತೇ ದಿನ. ಉಳಿದ ನಾಲ್ಕರ ಕಥೆ ಮುಂದೆ ಬರುತ್ತದೆ.

ಈ ದಾರಿಯನ್ನೇ ಯಾಕೆ ಆರಿಸಿದೆ ಅಂದರೆ, ನನ್ನ ವಾಸದ ಪರವಾನಗಿಯ ಅವಧಿ ಮುಗಿದಿತ್ತು. ನವೀಕರಣಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದೆ. ಆ ನಡುವೆ ಒಂದು ಮಡಿಚುವ ಹಸಿರು ಕಾಗದ ಕೊಡುತ್ತಾರೆ. ಅದರ ಹೆಸರು ಫಿಕ್ಷನ್ಸ್‌ಬೆಶೈನಿಗುಂಗ್. ಪದ ಬಿಡಿಸಿದರೆ 'ಕಲ್ಪನೆಯ ಪ್ರಮಾಣಪತ್ರ' ಅಂತಾಗುತ್ತದೆ, ತಮಾಷೆಯಲ್ಲ. ತೀರ್ಮಾನ ಆಗುವ ತನಕ ನಿನ್ನ ಹಳೆಯ ಪರವಾನಗಿ ನಡೆಯುತ್ತಿದೆ ಅಂದುಕೊಳ್ಳೋಣ, ಅನ್ನುವುದು ಅದರ ಅರ್ಥ. ಅದನ್ನು ಹಿಡಿದು ಗಡಿ ದಾಟಿ ಬರುವ ರಗಳೆ ನನಗೆ ಬೇಡವಾಗಿತ್ತು. ಜರ್ಮನಿಯೊಳಗೇ ಶುರುವಾಗಿ ಜರ್ಮನಿಯೊಳಗೇ ಮುಗಿಯುವ ನದಿ ಬೇಕಿತ್ತು. ವೇಸರ್ ಹಾಗೇ ಇದೆ.

ಅಮ್ಮನಿಗೆ ಹೇಳಿದೆ. ತಿಪಟೂರಿನಿಂದ ಎರಡು ನಿಮಿಷ ಮಾತೇ ಬರಲಿಲ್ಲ. ಆಮೇಲೆ, "ಒಬ್ಬಳೇನಾ? ಸೈಕಲ್ಲಲ್ಲಾ? ನಿಮ್ಮಪ್ಪಂಗೆ ನಾನ್ ಹೇಳಲ್ಲಪ್ಪ, ನೀನೇ ಹೇಳ್ಕೋ" ಅಂದಳು. ಅಪ್ಪ ಕೇಳಿದ್ದು ಒಂದೇ ಮಾತು: "ಗೇರ್ ಸೈಕಲ್ಲಾ?"

ಗೇರ್ ಸೈಕಲ್ಲೇ. ಹಳೆಯದು, 280 ಯೂರೋ ಕೊಟ್ಟು ಕೊಂಡದ್ದು. ಹಿಂದಿನ ಕ್ಯಾರಿಯರ್‌ಗೆ ನೇತುಹಾಕುವ ನೀರು ಹೋಗದ ಬ್ಯಾಗು ಎರಡು, ಸೆಕೆಂಡ್ ಹ್ಯಾಂಡ್, 70. ಟೆಂಟು 90. ಸೈಕಲ್ ಕೊಳ್ಳುವಾಗ ಮಾರುವವರಿಂದ ಒಂದು ಚೀಟಿ ಬರೆಸಿಕೊಳ್ಳಿ: ಹೆಸರು, ತಾರೀಖು, ಬೆಲೆ, ಫ್ರೇಮ್ ನಂಬರ್. ಕಳ್ಳತನವಾದರೆ ಪೊಲೀಸರಿಗೂ ವಿಮೆಯವರಿಗೂ ಫ್ರೇಮ್ ನಂಬರೇ ಬೇಕು. ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ರಿಫ್ಲೆಕ್ಟರ್, ಬೆಲ್, ಎರಡು ಬ್ರೇಕು ಇಲ್ಲಿ ಕಡ್ಡಾಯ. ಮೊಬೈಲ್ ಕೈಯಲ್ಲಿ ಹಿಡಿದು ತುಳಿದರೆ 55 ಯೂರೋ ದಂಡ. ಹ್ಯಾಂಡಲ್‌ಗೆ ಸಿಕ್ಕಿಸುವ ಹಿಡಿಕೆಗೆ ಹದಿನೈದು ಯೂರೋ ಆಗುತ್ತದೆ, ಲೆಕ್ಕ ನೀವೇ ಹಾಕಿ.

ಊಟದ ಚಿಂತೆ ಇತ್ತು. ಮೊಟ್ಟೆ ತಿನ್ನುತ್ತೇನೆ, ಮಾಂಸ ಇಲ್ಲ. ಅಮ್ಮ ಕಳಿಸಿದ್ದ ಕೊಬ್ಬರಿ ಚಟ್ನಿ ಪುಡಿ ಅರ್ಧ ಕೆಜಿ, ಅವಲಕ್ಕಿ ಒಂದೂವರೆ ಕೆಜಿ, ಸಾಸಿವೆ, ಒಣಮೆಣಸಿನಕಾಯಿ, ಸಣ್ಣ ಗ್ಯಾಸ್ ಒಲೆ ಹಾಕಿಕೊಂಡೆ. ಅವಲಕ್ಕಿಯಂಥ ಸೈಕಲ್ ಊಟ ಇನ್ನೊಂದಿಲ್ಲ. ನೆನೆಸಿದರೆ ಸಾಕು, ಗ್ಯಾಸ್ ಮುಗಿದರೂ ಉಪವಾಸ ಬೀಳುವುದಿಲ್ಲ.

ಬುಧವಾರ ಬೆಳಿಗ್ಗೆ ಲೋಕಲ್ ರೈಲಲ್ಲಿ ಹಾನ್ ಮ್ಯೂಂಡನ್‌ಗೆ ಹೋದೆ. ನಾನಿರುವ ಹೆಸೆನ್ ರಾಜ್ಯದ ಲೋಕಲ್ ರೈಲುಗಳಲ್ಲಿ ಜಾಗ ಇದ್ದರೆ ಸೈಕಲ್‌ಗೆ ದುಡ್ಡಿಲ್ಲ. ಎರಡು ನದಿ ಕೂಡುವಲ್ಲಿ ಒಂದು ಕಲ್ಲು ನಿಲ್ಲಿಸಿದ್ದಾರೆ. ಎಲ್ಲರೂ ಅದರ ಮುಂದೆ ಸೈಕಲ್ ಒರಗಿಸಿ ಫೋಟೋ ತೆಗೆಯುತ್ತಾರೆ, ನಾನೂ ತೆಗೆದೆ. ಆ ಜಾಗ ಸಮುದ್ರ ಮಟ್ಟದಿಂದ ಸುಮಾರು 117 ಮೀಟರ್ ಎತ್ತರದಲ್ಲಿದೆ. ಸಮುದ್ರದ ಕಡೆ ಹೋಗುತ್ತಿದ್ದೇನೆ, ಅಂದರೆ ಇಳಿಜಾರು, ಅಂದರೆ ಸುಲಭ ಅಂತ ಲೆಕ್ಕ ಹಾಕಿದ್ದೆ. 520 ಕಿಲೋಮೀಟರಿಗೆ 117 ಮೀಟರ್ ಇಳಿಜಾರು ಅಂದರೆ ಏನೂ ಇಲ್ಲ ಅಂತ ಅರ್ಥ. ಇದು ಹೊಳೆಯಲು ಆರು ದಿನ ಬೇಕಾಯಿತು.

ಮೊದಲ ಎರಡು ದಿನ ನಿಜಕ್ಕೂ ಸ್ವರ್ಗ. ಎರಡೂ ಕಡೆ ಕಾಡಿನ ಗುಡ್ಡ, ನಡುವೆ ಸದ್ದಿಲ್ಲದೆ ಹೋಗುವ ನದಿ, ಪಕ್ಕದಲ್ಲಿ ಕಾರಿಲ್ಲದ ಟಾರು ದಾರಿ. ಹೇಮೆಲ್ನ್ ಹತ್ತಿರ ನದಿ ದಾಟಿಸುವ ಒಂದು ದೋಣಿ ಇದೆ. ಕಾರೂ ಹತ್ತುತ್ತದೆ, ಆದರೆ ಎಂಜಿನ್ ಸದ್ದೇ ಇಲ್ಲ. ನದಿಗೆ ಅಡ್ಡಲಾಗಿ ಬಿಗಿದ ಉಕ್ಕಿನ ಹಗ್ಗಕ್ಕೆ ದೋಣಿ ಕಟ್ಟಿರುತ್ತದೆ. ದೋಣಿಯವನು ಅದನ್ನು ಹರಿವಿಗೆ ಸ್ವಲ್ಪ ಓರೆ ಮಾಡುತ್ತಾನೆ. ನೀರೇ ತಳ್ಳಿ ಆಚೆ ದಡಕ್ಕೆ ಮುಟ್ಟಿಸುತ್ತದೆ. ಹುಟ್ಟು ಹಾಕದ, ಡೀಸೆಲ್ ಕುಡಿಯದ ದೋಣಿ. ನೋಡಲಿಕ್ಕೆಂದೇ ಎರಡು ಸಲ ದಾಟಿದೆ. ಇಂಥ ದೋಣಿ ಈ ನದಿಯಲ್ಲಿ ಇನ್ನೂ ಕೆಲವಿವೆ. ಒಂದು ಸಲಕ್ಕೆ ಎರಡು-ಮೂರು ಯೂರೋ, ಚಿಲ್ಲರೆ ಇಟ್ಟುಕೊಳ್ಳಿ.

ಚಿಲ್ಲರೆ ಎಂದಾಗ ನೆನಪಾಯಿತು. ಕ್ಯಾಂಪಿಂಗ್ ಜಾಗಗಳಲ್ಲಿ ಬಿಸಿನೀರಿನ ಸ್ನಾನಕ್ಕೆ ಹಲವು ಕಡೆ ನಾಣ್ಯ ಹಾಕಬೇಕು. ಐವತ್ತು ಸೆಂಟ್, ಒಂದು ಯೂರೋ. ಮೊದಲ ರಾತ್ರಿ ತಲೆಗೆ ಶಾಂಪೂ ಹಾಕಿಕೊಂಡಿದ್ದಾಗ ನೀರು ನಿಂತಿತು. ಇದ್ದ ನಾಣ್ಯವೆಲ್ಲ ಟೆಂಟಲ್ಲಿ. ಅಷ್ಟೇ ಹೇಳುತ್ತೇನೆ. ಇನ್ನೊಂದು ವಿಷಯ, ಮಧ್ಯಾಹ್ನ ಒಂದರಿಂದ ಮೂರರ ತನಕ ಬಹಳ ಕಡೆ ಕಚೇರಿ ಮುಚ್ಚಿರುತ್ತದೆ. ಬೇಗ ಹೋಗಿ ಮುಟ್ಟಿದರೆ ಗೇಟಿನ ಮುಂದೆ ಕೂರುವುದೇ.

ಮೊದಲ ರಾತ್ರಿ ಬಾಟ್ ಕಾರ್ಲ್ಸ್‌ಹಾಫನ್‌ನಲ್ಲಿ. ಬೆಳ್ಳಗೆ ಸಾಲಾಗಿ ನಿಂತ ಮನೆಗಳ ಪುಟ್ಟ ಊರು. ಧರ್ಮದ ಕಾರಣಕ್ಕೆ ಫ್ರಾನ್ಸ್ ಬಿಟ್ಟು ಓಡಿಬಂದ ಹ್ಯೂಗೆನಾಟ್ ಜನರಿಗಾಗಿ ಇಲ್ಲಿಯ ದೊರೆ ಕಾರ್ಲ್ 1699ರಲ್ಲಿ ಕಟ್ಟಿಸಿದ್ದು. ವಲಸೆ ಬಂದವರಿಗೆ ಊರನ್ನೇ ಕಟ್ಟಿಕೊಟ್ಟಿದ್ದಾರಲ್ಲ ಅಂತ ಖುಷಿಪಟ್ಟೆ. ಮರುದಿನ ಸಂಜೆ ಮುಂದಿನ ಊರಿನ ಕ್ಯಾಂಪಿಂಗ್‌ನಲ್ಲಿ ನನ್ನ ಹಸಿರು ಕಾಗದ ನೋಡಿ ಕಚೇರಿಯ ಹೆಂಗಸು ಮುಖ ಗಂಟು ಹಾಕಿದಳು.

ವಿಷಯ ಏನೆಂದರೆ, ಜರ್ಮನ್ ಪೌರರು ಹೋಟೆಲು, ಕ್ಯಾಂಪಿಂಗ್‌ಗಳಲ್ಲಿ ತುಂಬಬೇಕಿದ್ದ ನೋಂದಣಿ ಚೀಟಿಯನ್ನು 2025ರ ಜನವರಿಯಿಂದ ತೆಗೆದುಹಾಕಿದ್ದಾರೆ. ವಿದೇಶಿಯರಿಗೆ ಅದು ಇನ್ನೂ ಇದೆ. ನಾವು ಚೀಟಿ ತುಂಬಿ ಗುರುತಿನ ದಾಖಲೆ ತೋರಿಸಬೇಕು. ಪಾಸ್‌ಪೋರ್ಟ್ ಕೊಟ್ಟೆ. ಆಕೆ ಪುಟ ತಿರುವಿ, ಅವಧಿ ಮುಗಿದ ವೀಸಾ ನೋಡಿ, ಇದು ನಡೆಯಲ್ಲ ಅಂದಳು. ಹಸಿರು ಕಾಗದ ಬಿಚ್ಚಿದೆ. ಅದನ್ನು ಆಕೆ ಜೀವನದಲ್ಲೇ ನೋಡಿರಲಿಲ್ಲ. ಗಂಡನನ್ನು ಕರೆದಳು. ಗಂಡ ಕನ್ನಡಕ ತರಲು ಹೋದ. ಮೂರು ಜನ ಸೇರಿ ಅದರ ಹಿಂದಿನ ಸಣ್ಣ ಅಕ್ಷರ ಓದಿದೆವು. ಮುಕ್ಕಾಲು ಗಂಟೆ ಹಿಡಿಯಿತು. ನನ್ನ ಹಿಂದೆ ನಿಂತಿದ್ದ ಜರ್ಮನ್ ಸೈಕಲ್ ಜೋಡಿ ಹೆಸರು ಹೇಳಿ, ಹದಿನೆಂಟು ಯೂರೋ ಕೊಟ್ಟು, ಟೆಂಟ್ ಹಾಕಿ, ಸ್ನಾನ ಮುಗಿಸಿ ವಾಪಸ್ ಬಂದು ಬಿಯರ್ ಕೊಂಡರು. ನಾನಿನ್ನೂ ಅಲ್ಲೇ ಇದ್ದೆ. ಆ ಹೊತ್ತು ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಸುಮ್ನೆ ಸುಸ್ತಾಯಿತು.

ನಿಮ್ಮ ಹತ್ತಿರವೂ ಇಂಥ ಕಾಗದ ಇದ್ದರೆ ಪಾಸ್‌ಪೋರ್ಟ್ ಜೊತೆಗೇ ತೋರಿಸಿ. ಬರೀ ಕಾಗದಕ್ಕೆ ಬೆಲೆ ಇಲ್ಲ, ಎರಡೂ ಸೇರಿದರೇ ದಾಖಲೆ. ಪಾಸ್‌ಪೋರ್ಟಿನ ಮಾಹಿತಿ ಪುಟವನ್ನು ಮೊದಲು ತೆರೆದು ಕೊಡಿ, ಹಳೆಯ ವೀಸಾ ಪುಟ ಆಮೇಲೆ ನೋಡಲಿ. ನೋಂದಣಿಗೆ ಬೇಕಾದದ್ದು ನೀವು ಯಾರು ಅನ್ನುವುದು, ಅದಕ್ಕೆ ಪಾಸ್‌ಪೋರ್ಟ್ ಸಾಕು. ಇದನ್ನು ನಗುನಗುತ್ತಾ ಹೇಳುವ ಜರ್ಮನ್ ವಾಕ್ಯ ಒಂದನ್ನು ಮನೆಯಲ್ಲೇ ಬಾಯಿಪಾಠ ಮಾಡಿಕೊಂಡು ಹೋಗಿ.

ಮೂರನೇ ದಿನ ಮಳೆ. ಹೋಲ್ಟ್ಸ್‌ಮಿಂಡನ್ ದಾಟಿದ ಮೇಲೆ ಶುರುವಾದದ್ದು ನಿಲ್ಲಲೇ ಇಲ್ಲ. ಹಾಮೆಲ್ನ್ ತನಕ ಹೋಗಬೇಕಿತ್ತು, ಬೋಡನ್‌ವೆರ್ಡರ್‌ನಲ್ಲೇ ಸೋತು ಒಂದು ಕೋಣೆ ಹಿಡಿದೆ, 62 ಯೂರೋ. ಸುಳ್ಳಿಗೆ ಹೆಸರಾದ ಮ್ಯುಂಚ್‌ಹೌಸನ್ ಸಾಹೇಬನ ಊರು ಅದು. 'ನೀರು ಹೋಗದ' ಬ್ಯಾಗೊಳಗೆ ನೀರು ಹೋಗಿತ್ತು, ಊರಿಗೆ ತಕ್ಕ ಬ್ಯಾಗು. ತಪ್ಪು ನನ್ನದೇ. ಬಾಯಿಯನ್ನು ಮೂರು ಸುತ್ತು ಸುರುಳಿ ಸುತ್ತಿ ಕ್ಲಿಪ್ ಹಾಕಬೇಕು, ನಾನು ಒಂದೇ ಸುತ್ತು ಹಾಕಿದ್ದೆ. ಪಾಸ್‌ಪೋರ್ಟ್ ಮೊಸರನ್ನದ ಡಬ್ಬಿಯಲ್ಲಿದ್ದು ಬದುಕಿಕೊಂಡಿತು. ಹಸಿರು ಕಾಗದ ಒದ್ದೆ. ಹೀಟರ್ ಮೇಲೆ ಹರಡಿ ರಾತ್ರಿಯೆಲ್ಲ ಎದ್ದೆದ್ದು ಮಗ್ಗುಲು ತಿರುಗಿಸಿದೆ, ಹಪ್ಪಳ ಒಣಗಿಸುವ ಹಾಗೆ. ಒಣಗಿತು, ಆದರೆ ಸುಕ್ಕು ಸುಕ್ಕಾಯಿತು. ಮುದ್ರೆ ಅಳಿಸಿರಲಿಲ್ಲ, ದೇವರು ದೊಡ್ಡವನು.

ಶನಿವಾರ ಬಿಸಿಲು. ಹಾಮೆಲ್ನ್ ಅಂದರೆ ಕನ್ನಡ ಓದಿದವರಿಗೆ ಹೇಳಬೇಕಿಲ್ಲ, ನಮ್ಮ ಕಿಂದರಿಜೋಗಿಯ ಮೂಲ ಊರು. 1284ರಲ್ಲಿ ಮಕ್ಕಳು ಹೋದರು ಅಂತ ಹೇಳುವ ಓಣಿಯಲ್ಲಿ ಇಂದಿಗೂ ವಾದ್ಯ ಬಾರಿಸುವ ಹಾಗಿಲ್ಲ. ಇಲಿ ಆಕಾರದ ಬ್ರೆಡ್ಡು, ಇಲಿ ಆಕಾರದ ಚಾಕಲೇಟು ಎಲ್ಲ ಇದೆ. ಒಂದು ಐಸ್‌ಕ್ರೀಮ್ ತಿಂದು, ಹೊತ್ತಾಯಿತು ಅಂತ ಹೊರಟೆ. ಅಲ್ಲೇ ಅಂಗಡಿಗೆ ಹೋಗಿ ಎರಡು ದಿನದ ಸಾಮಾನು ತರಬೇಕಿತ್ತು. ಮುಂದಿನ ಊರಲ್ಲಿ ನೋಡೋಣ ಅಂದುಕೊಂಡೆ.

ರಿಂಟೆಲ್ನ್ ಇನ್ನೂ ಹತ್ತು ಕಿಲೋಮೀಟರ್ ಇರುವಾಗ ಹಿಂದಿನಿಂದ 'ಟಣ್' ಅಂತ ಸದ್ದು. ಕಲ್ಲು ಸಿಡಿಯಿತು ಅಂದುಕೊಂಡೆ. ಹತ್ತು ಮಾರು ಹೋಗುವಷ್ಟರಲ್ಲಿ ಹಿಂದಿನ ಚಕ್ರ ಬ್ರೇಕಿಗೆ ಉಜ್ಜಲು ಶುರು. ಇಳಿದು ನೋಡಿದರೆ ಒಂದು ಕಡ್ಡಿ ಮುರಿದು ನೇತಾಡುತ್ತಿದೆ. ರಿಮ್ ಬೆಂಡ್ ಆಗಿದೆ. ಪಂಚರ್‌ಗೆ ನಾನು ತಯಾರಿದ್ದೆ. ಎರಡು ಟ್ಯೂಬು, ತೇಪೆ, ಪಂಪು ಎಲ್ಲ ಇತ್ತು. ಕಡ್ಡಿ ಮುರಿಯುತ್ತದೆ ಅಂತ ಯಾರೂ ಹೇಳಿರಲಿಲ್ಲ.

ಆಗ ಮಾಡಿದ್ದು: ಮುರಿದ ಕಡ್ಡಿಯನ್ನು ಪಕ್ಕದ ಕಡ್ಡಿಗೆ ಸುತ್ತಿ ಟೇಪ್ ಹಾಕಿದೆ. ಹಿಂದಿನ ಬ್ರೇಕು ಸಡಿಲ ಮಾಡಿದೆ. ಬ್ಯಾಗು ಹೇರಿದ ಸೈಕಲ್ಲನ್ನು ಅರ್ಧ ತಳ್ಳುತ್ತಾ, ಅರ್ಧ ಮೆಲ್ಲಗೆ ತುಳಿಯುತ್ತಾ ಏಳೂವರೆಗೆ ರಿಂಟೆಲ್ನ್ ಮುಟ್ಟಿದೆ. ಕೆರೆ ದಂಡೆಯ ಕ್ಯಾಂಪಿಂಗ್ ತುಂಬಿ ತುಳುಕುತ್ತಿತ್ತು, ಆದರೆ ಸೈಕಲ್ಲಿನವರಿಗೆ ಒಂದು ಸಣ್ಣ ಟೆಂಟಿನ ಜಾಗ ಹೇಗೋ ಹೊಂದಿಸಿಕೊಟ್ಟರು. ಇಷ್ಟು ಜನ ಯಾಕೆ ಅಂತ ಕೇಳಿದೆ. "ಫಿಂಗ್‌ಸ್ಟನ್" ಅಂದ ಹುಡುಗ, ನಾನು ಚಂದ್ರಲೋಕದಿಂದ ಬಂದವಳೇನೋ ಅನ್ನುವಂತೆ ನೋಡಿ.

ಈಸ್ಟರ್ ಆಗಿ ಐವತ್ತನೇ ದಿನಕ್ಕೆ ಬರುವ ಹಬ್ಬ. ಭಾನುವಾರದ ಮರುದಿನ ಸೋಮವಾರವೂ ದೇಶಕ್ಕೆಲ್ಲ ರಜೆ. ಜೂನ್ 8, 9. ಅಂದರೆ ಸೈಕಲ್ ಅಂಗಡಿ, ಸೂಪರ್ ಮಾರ್ಕೆಟ್ ಎಲ್ಲ ಮಂಗಳವಾರದ ತನಕ ಬಂದ್. ನಾನಿಲ್ಲಿಗೆ ಬಂದು ಮೂರು ವರ್ಷ ಆಗಿದೆ. ಆ ರಜೆ ಪ್ರತಿ ವರ್ಷ ಅನುಭವಿಸಿದ್ದೇನೆ, ಕ್ಯಾಲೆಂಡರ್ ಮಾತ್ರ ನೋಡಿರಲಿಲ್ಲ. ಹೊರಡುವ ಮುಂಚೆ ನೀವು ಮಾಡಬೇಕಾದ ಮೊದಲ ಕೆಲಸ ಇದು: ನಕ್ಷೆಗಿಂತ ಮೊದಲು ರಜೆಯ ಪಟ್ಟಿ ನೋಡಿ. ಮೇ, ಜೂನ್ ತಿಂಗಳಲ್ಲಿ ರಜೆಗಳು ಒತ್ತೊತ್ತಾಗಿ ಬರುತ್ತವೆ. ಕೆಲವು ರಜೆ ಒಂದು ರಾಜ್ಯದಲ್ಲಿ ಇದ್ದು ಪಕ್ಕದ ರಾಜ್ಯದಲ್ಲಿ ಇರುವುದಿಲ್ಲ. ವೇಸರ್ ದಾರಿ ನಾಲ್ಕು ರಾಜ್ಯ ಮುಟ್ಟುತ್ತದೆ.

ಭಾನುವಾರ ಬೆಳಿಗ್ಗೆ ಅತ್ತೆ. ಮುಚ್ಚಿಡುವುದೇನು? ಟೆಂಟೊಳಗೆ ಮುಖಕ್ಕೆ ಸ್ವೆಟರ್ ಒತ್ತಿಕೊಂಡು ಅತ್ತೆ. ಹಿಂದಿನ ರಾತ್ರಿ ಎರಡು ಗಂಟೆಯ ತನಕ ಪಕ್ಕದಲ್ಲಿ ಹುಡುಗರ ಹಾಡು. ಚೀಲದಲ್ಲಿ ಅರ್ಧ ಬ್ರೆಡ್ಡು, ಅವಲಕ್ಕಿ, ಎರಡು ಟೊಮೆಟೊ. ಅಮ್ಮನಿಗೆ ಫೋನ್ ಮಾಡಿದೆ. "ರೈಲು ಹತ್ತಿ ಮನೆಗೆ ಹೋಗು" ಅನ್ನುತ್ತಾಳೆ ಅಂದುಕೊಂಡಿದ್ದೆ, ಅಂದರೆ ಹೋಗಿಬಿಡುತ್ತಿದ್ದೆನೇನೋ. ಅವಳು, "ಕಡ್ಡಿ ಮುರಿದಿರೋದಲ್ವಾ, ಕಾಲು ಮುರಿದಿಲ್ವಲ್ಲ. ಏನಾದ್ರೂ ತಿಂದಾ?" ಅಂದಳು. ತಿಂದಿರಲಿಲ್ಲ.

ಎದ್ದು ಒಲೆ ಹಚ್ಚಿ ಒಗ್ಗರಣೆ ಅವಲಕ್ಕಿ ಮಾಡಿದೆ. ಸಾಸಿವೆ ಚಟಪಟ ಅಂದದ್ದಕ್ಕೆ ಪಕ್ಕದ ಕ್ಯಾರವಾನಿನ ಅಜ್ಜ ಇಣುಕಿ ನೋಡಿದರು, ಗ್ಯಾಸ್ ಸೋರುತ್ತಿದೆಯೇನೋ ಅಂತ. ಅಜ್ಜಿಯೂ ಬಂದರು. ಒಂದು ತಟ್ಟೆ ಕೊಟ್ಟೆ. ಅಜ್ಜ ಎರಡು ಚಮಚ ತಿಂದು ಮೆಣಸಿನಕಾಯಿ ಕಚ್ಚಿ ಕೆಂಪಾದರು, ಆದರೂ ಖಾಲಿ ಮಾಡಿದರು. ಆ ಎರಡು ದಿನ ರಾತ್ರಿ ಊಟ ಅವರ ಜೊತೆಗೇ ಆಯಿತು. ಅವರ ಕೆಂಡದ ಮೇಲೆ ನನಗಾಗಿ ಆಲೂಗಡ್ಡೆ, ಚೀಸು ಸುಟ್ಟರು. ಒಬ್ಬಳೇ ಹೋಗುವ ಹೆಣ್ಣುಮಕ್ಕಳು ಕೇಳುವ ಪ್ರಶ್ನೆಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಟೆಂಟ್ ಹಾಕುವಾಗ ಜಾಗ ನೋಡಬೇಡಿ, ಪಕ್ಕದಲ್ಲಿ ಯಾರಿದ್ದಾರೆ ನೋಡಿ. ಮಕ್ಕಳಿರುವ ಸಂಸಾರ ಅಥವಾ ಅಜ್ಜ-ಅಜ್ಜಿ ಪಕ್ಕ ಹಾಕಿದರೆ ನಿದ್ದೆ ಬರುತ್ತದೆ. ನನಗೆ ಹದಿನಾಲ್ಕು ದಿನದಲ್ಲಿ ಯಾರಿಂದಲೂ ಕಿರಿಕಿರಿ ಆಗಲಿಲ್ಲ. ಸಿಕ್ಕಸಿಕ್ಕಲ್ಲಿ ಕಾಡಲ್ಲಿ ಟೆಂಟ್ ಹಾಕುವುದು ಇಲ್ಲಿ ನಿಷೇಧ, ಹಾಕಬೇಡಿ.

ರಜೆಯಲ್ಲಿ ತಿನ್ನಲು ಸಿಗುವ ಜಾಗ: ದೊಡ್ಡ ರೈಲು ನಿಲ್ದಾಣದ ಅಂಗಡಿ, ಪೆಟ್ರೋಲ್ ಬಂಕು, ಬೆಳಿಗ್ಗೆ ಕೆಲವು ಗಂಟೆ ತೆಗೆಯುವ ಬೇಕರಿ. ಬಂಕಿನಲ್ಲಿ ಒಂದು ಲೀಟರ್ ಹಾಲಿಗೆ ಕೊಟ್ಟ ದುಡ್ಡು ಅಮ್ಮನಿಗೆ ಹೇಳಿಲ್ಲ.

ಮಂಗಳವಾರ ಎಂಟೂ ಮುಕ್ಕಾಲಿಗೆ ಮೊದಲ ಅಂಗಡಿ ಮುಂದೆ ನಿಂತೆ. ತೆಗೆದದ್ದು ಹತ್ತಕ್ಕೆ. ಸೈಕಲ್ ಮುಖವನ್ನೂ ನೋಡದೆ, ಮುಂದಿನ ವಾರ ಬನ್ನಿ ಅಂದರು. ಇಲ್ಲಿ ರಿಪೇರಿಗೂ ಅಪಾಯಿಂಟ್‌ಮೆಂಟ್ ಬೇಕು. ಎರಡನೇ ಅಂಗಡಿಯಲ್ಲಿ ಬುದ್ಧಿ ಕಲಿತು, ರಿಪೇರಿ ಅನ್ನಲಿಲ್ಲ. "ಹಾನ್ ಮ್ಯೂಂಡನ್‌ನಿಂದ ಸಮುದ್ರಕ್ಕೆ ಹೊರಟಿದ್ದೇನೆ, ಇಲ್ಲಿ ಸಿಕ್ಕಿಕೊಂಡೆ" ಅಂದೆ. ಆ ಮನುಷ್ಯ ಹೊರಗೆ ಬಂದು ಬ್ಯಾಗು ಎತ್ತಿ ನೋಡಿ ನಕ್ಕ. ಎಲ್ಲ ಭಾರ ಹಿಂದೆ, ಮುಂದೆ ಏನೂ ಇಲ್ಲ. ಹಿಂದಿನ ಚಕ್ರದಲ್ಲಿ ಚೈನ್ ಇರುವ ಕಡೆಯ ಕಡ್ಡಿಗಳ ಮೇಲೆ ಎಳೆತ ಜಾಸ್ತಿ, ಹಳೆಯ ಸೈಕಲ್ಲಲ್ಲಿ ಮುರಿಯುವುದು ಅವೇ. ಹಲ್ಲುಚಕ್ರ ಬಿಚ್ಚದೆ ಅವನ್ನು ಹಾಕಲು ಆಗುವುದಿಲ್ಲ, ಅದಕ್ಕೇ ದಾರಿ ಬದಿಯಲ್ಲಿ ನನ್ನ ಕೈಲಿ ಆಗುತ್ತಿರಲಿಲ್ಲ. ಎರಡು ಗಂಟೆಗೆ ಬಾ ಅಂದ. ಮೂರು ಕಡ್ಡಿ ಬದಲಿಸಿ, ಬೆಂಡ್ ತೆಗೆದು, 34 ಯೂರೋ ತೆಗೆದುಕೊಂಡ. ಅದೇ ಅಳತೆಯ ಎರಡು ಕಡ್ಡಿಯನ್ನು ಫ್ರೇಮಿಗೆ ಟೇಪ್ ಹಾಕಿ ಕಟ್ಟಿಕೊಟ್ಟ. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ನೀವು ಹೊರಡುವ ಎರಡು ವಾರ ಮುಂಚೆ ಕಡ್ಡಿಗಳನ್ನು ಬಿಗಿ ಮಾಡಿಸಿ. ಭಾರ ಮುಂದಕ್ಕೂ ಹಂಚಿ. ಅಷ್ಟು ಸಾಕು.

ಮಿಂಡನ್‌ಗೆ ಮೊದಲು ಪೋರ್ಟಾ ವೆಸ್ಟ್‌ಫಾಲಿಕಾ ಅನ್ನುವಲ್ಲಿ ನದಿ ಎರಡು ಗುಡ್ಡದ ನಡುವೆ ನುಸುಳುತ್ತದೆ. ಮೇಲೆ 1896ರ ಕೈಸರ್ (ಚಕ್ರವರ್ತಿ) ವಿಲ್ಹೆಲ್ಮ್ ಸ್ಮಾರಕ. ಅಲ್ಲಿಗೆ ಗುಡ್ಡಗಳು ಮುಗಿದವು. ಮಿಂಡನ್‌ನಲ್ಲಿ ನದಿಯ ಮೇಲೆ ಸೇತುವೆ, ಸೇತುವೆಯ ಮೇಲೆ ಕಾಲುವೆ, ಕಾಲುವೆಯಲ್ಲಿ ಸರಕು ಹಡಗು. ತಲೆಯ ಮೇಲೆ ಹಡಗು ಹೋಗುವುದನ್ನು ಕೆಳಗೆ ನದಿ ದಂಡೆಯಲ್ಲಿ ನಿಂತು ನೋಡಿದೆ. ಮೊದಲ ಸೇತುವೆ 1914ರದ್ದು, ಪಕ್ಕದ್ದು 1998ರದ್ದು. ಒಂದು ಗಂಟೆ ಹೋದದ್ದೇ ಗೊತ್ತಾಗಲಿಲ್ಲ.

ಆಮೇಲೆ ಗಾಳಿ. ಇದರ ಬಗ್ಗೆ ಎಷ್ಟು ಬರೆದರೂ ಕಡಿಮೆ. ಮಿಂಡನ್ ದಾಟಿದರೆ ನೆಲ ಚಪಾತಿ ತಟ್ಟಿದ ಹಾಗೆ. ತಡೆಯಲು ಗುಡ್ಡವಿಲ್ಲ, ಮರವೂ ಕಡಿಮೆ. ಆ ದಿನಗಳಲ್ಲಿ ಗಾಳಿ ಬೀಸುತ್ತಿದ್ದದ್ದು ಪಶ್ಚಿಮ, ವಾಯವ್ಯದಿಂದ. ನಾನು ಹೋಗುತ್ತಿರುವುದು ಉತ್ತರಕ್ಕೆ. ಅಂದರೆ ದಿನವೆಲ್ಲ ಎದೆಗೆ ಗಾಳಿ. ಗಂಟೆಗೆ ಹದಿನೇಳು ಹೋಗುತ್ತಿದ್ದವಳು ಒಂಬತ್ತಕ್ಕೆ ಇಳಿದೆ. ಗುಡ್ಡ ಹತ್ತಿದರೆ ಇಳಿಯುವ ಸುಖವಾದರೂ ಇರುತ್ತದೆ, ಗಾಳಿಗೆ ಆ ಕರಾರಿಲ್ಲ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಬ್ಯಾಟರಿ ಸೈಕಲ್ಲಲ್ಲಿ "ಮೊಯಿನ್" ಅನ್ನುತ್ತಾ ಹಿಂದಕ್ಕೆ ಹಾಕಿ ಹೋದರು. ಎರಡು ದಿನ ಮುಂಚೆ ಎಲ್ಲರೂ 'ಗುಟನ್ ಟಾಗ್' ಅನ್ನುತ್ತಿದ್ದರು. ಈಗ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಲ್ಲಕ್ಕೂ ಮೊಯಿನ್. ಉತ್ತರ ಬಂತು ಅಂತ ಅದರಲ್ಲೇ ಗೊತ್ತಾಗುತ್ತದೆ.

ಎರಡನೇ ದಿನ ಉಪಾಯ ಸಿಕ್ಕಿತು. ಬೆಳಗಿನ ಜಾವ ಗಾಳಿ ಇನ್ನೂ ಎದ್ದಿರುವುದಿಲ್ಲ. ಜೂನ್‌ನಲ್ಲಿ ಐದಕ್ಕೆಲ್ಲ ಬೆಳಕು. ಐದೂವರೆಗೆ ಹೊರಟು ಹನ್ನೊಂದಕ್ಕೆಲ್ಲ ಆ ದಿನದ ಮುಕ್ಕಾಲು ಪಾಲು ಮುಗಿಸುತ್ತಿದ್ದೆ. ಮತ್ತೆ ಹೋದರೆ ಇಷ್ಟೂ ಬೇಡ, ಉಲ್ಟಾ ಹೋಗುತ್ತೇನೆ. ಕುಕ್ಸ್‌ಹಾಫನ್‌ನಿಂದ ಶುರು ಮಾಡಿ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ದಕ್ಷಿಣಕ್ಕೆ. ಆ 117 ಮೀಟರ್ ಏರು ಕಾಲಿಗೆ ಗೊತ್ತೂ ಆಗುವುದಿಲ್ಲ.

ನೀರಿನ ವಿಷಯ. ಹಳ್ಳಿಗಳಲ್ಲಿ ಹೋಟೆಲಿಲ್ಲ, ಅಂಗಡಿಯಿಲ್ಲ, ರಸ್ತೆಯಲ್ಲಿ ಮನುಷ್ಯರೂ ಇಲ್ಲ. ಆದರೆ ಪ್ರತಿ ಹಳ್ಳಿಯಲ್ಲೂ ಒಂದು ಸ್ಮಶಾನ ಇರುತ್ತದೆ, ಅಲ್ಲಿ ಸಮಾಧಿಯ ಹೂಗಿಡಕ್ಕೆ ಹಾಕಲು ನಲ್ಲಿ ಇರುತ್ತದೆ. ಜರ್ಮನ್ ಸೈಕಲ್ ಸವಾರರು ಬಾಟಲಿ ತುಂಬಿಸುವುದು ಅಲ್ಲೇ. 'ಕೈನ್ ಟ್ರಿಂಕ್‌ವಾಸರ್' ಅಂತ ಬೋರ್ಡ್ ಇದ್ದರೆ ಕುಡಿಯಬೇಡಿ. ಇದನ್ನು ಅಮ್ಮನಿಗೆ ಹೇಳಿದ್ದು ನನ್ನ ತಪ್ಪು. "ಮಸಣದ ನೀರು ಕುಡೀತಾ ಇದ್ದೀಯೇನೇ!" ಅಂತ ಶುರುವಾದದ್ದು ಅರ್ಧ ಗಂಟೆ ನಡೆಯಿತು.

ನೀನ್‌ಬುರ್ಗ್ ಸುತ್ತ ಬಿಳಿ ಶತಾವರಿಯ (ಆಸ್ಪ್ಯಾರಗಸ್ ತರಕಾರಿ) ಹೊಲಗಳು. ಇವರು ಅದಕ್ಕೆ ಷ್ಪಾರ್ಗೆಲ್ ಅನ್ನುತ್ತಾರೆ. ಜೂನ್ 24ಕ್ಕೆ ಹಂಗಾಮು ಮುಗಿಯುತ್ತದೆ, ನಾನು ಹೋದಾಗ ಕೊನೆಯ ದಿನಗಳು. ಬೇಯಿಸಿದ ಶತಾವರಿ, ಆಲೂಗಡ್ಡೆ, ಮೇಲೆ ಬೆಣ್ಣೆ. ಕೇಳದಿದ್ದರೂ ಪಕ್ಕದಲ್ಲಿ ಹಂದಿ ಮಾಂಸ ಇಡುತ್ತಾರೆ, 'ಓನೆ ಷಿಂಕನ್' ಅಂತ ಮೊದಲೇ ಹೇಳಿ. ನಾನು ಮೇಲೆ ಚಟ್ನಿ ಪುಡಿ ಉದುರಿಸಿದೆ, ಯಾರೂ ನೋಡದ ಹಾಗೆ.

ಪಂಚರ್ ಆದದ್ದು ಒಂದೇ ಸಲ, ಫೆರ್ಡನ್ ಹತ್ತಿರ. ಅರ್ಧ ಗಂಟೆಯಲ್ಲಿ ನಾನೇ ಹಾಕಿದೆ. ಟ್ಯೂಬ್ ಕೊಳ್ಳುವಾಗ ವಾಲ್ವ್ ನೋಡಿ ಕೊಳ್ಳಿ, ಇಲ್ಲಿ ಮೂರು ಥರ ಇವೆ, ನಿಮ್ಮ ಪಂಪಿಗೆ ಹೊಂದಬೇಕು.

ಬ್ರೇಮನ್‌ನಲ್ಲಿ ಎರಡು ರಾತ್ರಿ ಧಾರವಾಡದ ಗೆಳತಿಯ ಮನೆ. ಬಟ್ಟೆ ಒಗೆಯುವ ಮಷೀನು, ಅನ್ನ, ಸಾರು. 1404ರ ರೋಲಾಂಡ್ ಪ್ರತಿಮೆ ನೋಡಿದೆ, ಚೆನ್ನಾಗಿದೆ. ಸಾರು ಅದಕ್ಕಿಂತ ಚೆನ್ನಾಗಿತ್ತು.

ಅಲ್ಲಿಂದ ಮುಂದೆ ನದಿಯ ಎಡದಂಡೆ ಹಿಡಿದೆ. ಎತ್ತರದ ಮಣ್ಣಿನ ಒಡ್ಡು, ಒಡ್ಡಿನ ಮೇಲೆ ನೂರಾರು ಕುರಿ. ಕುರಿ ಆಚೀಚೆ ಹೋಗದ ಹಾಗೆ ದಾರಿಗೆ ಅಡ್ಡಲಾಗಿ ಗೇಟುಗಳು. ಇಳಿ, ಗೇಟು ತೆಗೆ, ಸೈಕಲ್ ತಳ್ಳು, ಗೇಟು ಹಾಕು, ಹತ್ತು. ಹದಿನೇಳರ ತನಕ ಎಣಿಸಿ ಬಿಟ್ಟೆ. ದಾರಿ ತುಂಬ ಹಿಕ್ಕೆ, ಚಕ್ರ ತಿರುಗಿದಂತೆ ಬೆನ್ನಿಗೆ. ಬ್ಲೆಕ್ಸನ್‌ನಿಂದ ದೋಣಿ ಹತ್ತಿ ಬ್ರೇಮರ್‌ಹಾಫನ್‌ಗೆ ದಾಟಿದೆ. 70 ಲಕ್ಷಕ್ಕೂ ಹೆಚ್ಚು ಜನ ಅಮೆರಿಕಕ್ಕೂ ಬೇರೆ ದೇಶಗಳಿಗೂ ಹಡಗು ಹತ್ತಿದ್ದು ಈ ಬಂದರಿನಿಂದ. ಅವರಿಗೂ ಕಾಗದದ ತಾಪತ್ರಯ ಇದ್ದೇ ಇತ್ತು, ಅಲ್ಲಿಯ ವಲಸೆ ಮ್ಯೂಸಿಯಂ ತುಂಬ ಅದೇ ಕಥೆ. ಅಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಂತೆ.

ಸೋಮವಾರ ಮಧ್ಯಾಹ್ನ ಕುಕ್ಸ್‌ಹಾಫನ್. ದಂಡೆಯಲ್ಲಿ ಕೂಗೆಲ್‌ಬಾಕೆ ಅನ್ನುವ ಮರದ ದೊಡ್ಡ ಗುರುತುಗಂಬ ನಿಂತಿದೆ. ಅದರ ಬುಡಕ್ಕೆ ಸೈಕಲ್ ಒರಗಿಸಿ, ವಿಡಿಯೋ ಕಾಲ್ ಹಚ್ಚಿ, ಅಪ್ಪ-ಅಮ್ಮ ಇಬ್ಬರನ್ನೂ ಕೂರಿಸಿ, "ನೋಡಿ ಸಮುದ್ರ" ಅಂತ ಫೋನ್ ತಿರುಗಿಸಿದೆ.

ಸಮುದ್ರ ಇರಲಿಲ್ಲ. ಕಣ್ಣು ಹಾಯುವ ತನಕ ಬೂದು ಬಣ್ಣದ ಕೆಸರು. ಇಳಿತದ ಹೊತ್ತು. ಇಲ್ಲಿ ನೀರು ದಿನಕ್ಕೆ ಎರಡು ಸಲ ಕಿಲೋಮೀಟರುಗಟ್ಟಲೆ ಹಿಂದಕ್ಕೆ ಹೋಗುತ್ತದೆ.

"ಇದೇನೇ, ನಮ್ಮ ಕೆರೆ ಬತ್ತಿದ ಹಾಗಿದೆ" ಅಂದಳು ಅಮ್ಮ. ಅಪ್ಪ ಕೇಳಿದ್ದು ಒಂದೇ ಮಾತು: "ಗೇರ್ ಸರಿಯಾಗಿ ಬೀಳ್ತಾ ಇತ್ತಾ?"

ಇಳಿತ, ಭರತದ ವೇಳೆಯ ಪಟ್ಟಿ ದಂಡೆಯಲ್ಲೇ ಹಚ್ಚಿರುತ್ತಾರೆ. ಪೂರ್ತಿ ನೀರು ತುಂಬಲು ಇಳಿತದಿಂದ ಆರು ಗಂಟೆ ಚಿಲ್ಲರೆ. ನೀರಿಲ್ಲ ಅಂತ ಕೆಸರಲ್ಲಿ ಒಬ್ಬರೇ ದೂರ ನಡೆದು ಹೋಗಬೇಡಿ, ವಾಪಸ್ ಬರುವ ನೀರು ಹಿಂದಿನಿಂದ ಸುತ್ತಿಕೊಳ್ಳುತ್ತದೆ. ನಾನು ಒಡ್ಡಿನ ಹುಲ್ಲಿನ ಮೇಲೆ ಕೂತೆ. ಉಳಿದಿದ್ದ ಅವಲಕ್ಕಿ ನೆನೆಸಿ, ಚಟ್ನಿ ಪುಡಿಯ ತಳ ಕೆರೆದು ತಿಂದೆ. ಒಂದು ನಿದ್ದೆ ಆಯಿತು. ಎದ್ದಾಗ ಅಲೆಯಿಲ್ಲದೆ, ಸದ್ದಿಲ್ಲದೆ, ತೆಳ್ಳಗೆ ಹಾಸಿದಂತೆ ನೀರು ಬರುತ್ತಿತ್ತು.

ಮರುದಿನ ವಾಪಸ್. ಆ 520 ಕಿಲೋಮೀಟರಿಗಿಂತ ಈ ಒಂದು ದಿನ ಜಾಸ್ತಿ ಸುಸ್ತು ಮಾಡಿತು. 2025ರಲ್ಲಿ 58 ಯೂರೋ ಇದ್ದ, ಲೋಕಲ್ ರೈಲಿಗೆಲ್ಲ ನಡೆಯುವ ತಿಂಗಳ ಡಾಯ್ಚ್‌ಲಾಂಡ್ ಟಿಕೆಟ್ ನನಗೆ ಮಾತ್ರ, ಸೈಕಲ್‌ಗೆ ಬೇರೆ ಟಿಕೆಟ್ ಬೇಕು, ಅದರ ನಿಯಮ ರಾಜ್ಯಕ್ಕೊಂದು. ವೇಗದ ರೈಲುಗಳಲ್ಲಿ ಸೈಕಲ್ ಜಾಗ ಕೆಲವೇ, ಮೊದಲೇ ಕಾದಿರಿಸಬೇಕು. ಬೇಸಿಗೆಯಲ್ಲಿ ಬೇಗ ಮುಗಿಯುತ್ತವೆ, ನನಗೆ ಸಿಗಲಿಲ್ಲ. ಹಾಗಾಗಿ ಲೋಕಲ್ ರೈಲೇ ಗತಿ. ಬ್ರೇಮರ್‌ಹಾಫನ್, ಬ್ರೇಮನ್, ಹನೋವರ್, ಗ್ಯೋಟಿಂಗನ್ ಅಂತ ಬದಲಿಸುತ್ತಾ ಬಂದೆ. ಒಂದು ಕಡೆ ಲಿಫ್ಟ್ ಕೆಟ್ಟಿತ್ತು. ಸೈಕಲ್ ಒಂದು ಸಲ, ಬ್ಯಾಗು ಎರಡು ಸಲ, ಮೂರು ಸಲ ಮೆಟ್ಟಿಲು ಹತ್ತಿಳಿಯುವಷ್ಟರಲ್ಲಿ ರೈಲು ಹೋಯಿತು. ಮುಂದಿನದರಲ್ಲಿ ಸೈಕಲ್ ಡಬ್ಬಿ ತುಂಬಿದೆ ಅಂತ ಹತ್ತಿಸಿಕೊಳ್ಳಲಿಲ್ಲ. ಒಂದು ಗಂಟೆ, ಇನ್ನೊಂದು ಗಂಟೆ. ಶುಕ್ರವಾರ, ಭಾನುವಾರವಂತೂ ಸೈಕಲ್ ಜೊತೆ ರೈಲು ಹತ್ತಲೇಬೇಡಿ. ಹತ್ತುವ ಮುಂಚೆ ಬ್ಯಾಗು ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳಿ, ಸೈಕಲ್ ತೂಗುಹಾಕಲು ಸುಲಭ.

ಖರ್ಚು ಕೇಳುತ್ತೀರಿ ಅಂತ ಗೊತ್ತು. ಸೈಕಲ್, ಟೆಂಟು, ಬ್ಯಾಗಿನ ಬೆಲೆ ಮತ್ತು ತಿಂಗಳ ರೈಲು ಟಿಕೆಟ್ ಬಿಟ್ಟು ಸುಮಾರು 450 ಯೂರೋ. ಹತ್ತು ರಾತ್ರಿ ಕ್ಯಾಂಪಿಂಗ್ 128, ಆ ಮಳೆಯ ಕೋಣೆ 62, ಊಟ ತಿಂಡಿ 190, ಕಡ್ಡಿ 34. ಮಿಕ್ಕಿದ್ದು ದೋಣಿ, ಸ್ನಾನದ ನಾಣ್ಯ, ಟ್ಯೂಬು, ಸೈಕಲ್ ಟಿಕೆಟ್. ಪ್ಲಾಸ್ಟಿಕ್ ಬಾಟಲಿ ಬಿಸಾಡದೆ ಅಂಗಡಿಗೆ ವಾಪಸ್ ಕೊಟ್ಟರೆ ಹೆಚ್ಚಿನವಕ್ಕೆ ಒಂದಕ್ಕೆ 25 ಸೆಂಟ್ ಬರುತ್ತದೆ. ನನ್ನ ಸ್ನಾನದ ನಾಣ್ಯ ಅರ್ಧ ಅದರಿಂದಲೇ ಬಂದದ್ದು.

ಮನೆಗೆ ಬಂದು ನೋಡಿದರೆ ಅಂಚೆ ಡಬ್ಬಿಯಲ್ಲಿ ಪತ್ರ. ನಿಮ್ಮ ವಾಸದ ಪರವಾನಗಿಯ ಕಾರ್ಡ್ ಬಂದಿದೆ, ಅಪಾಯಿಂಟ್‌ಮೆಂಟ್ ಹಿಡಿದು ಬಂದು ತೆಗೆದುಕೊಂಡು ಹೋಗಿ ಅಂತ. ಈಗ ಬರೆಯುವ ಮುಂಚೆ ಹಿಡಿದೆ, ಜುಲೈ 9ಕ್ಕೆ ಸಿಕ್ಕಿತು. ಹಸಿರು ಕಾಗದದ ಸುಕ್ಕು ಹೋಗಲಿ ಅಂತ ದಪ್ಪ ಜರ್ಮನ್ ನಿಘಂಟಿನ ಕೆಳಗೆ ಇಟ್ಟಿದ್ದೇನೆ.